ಆರು ಮೂಲೆಗಳ ಮೇಲಿನ ಭಾರ

ರಾಜ್ಯ ಸರ್ಕಾರ 2006-07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಹಂಚಲು ಆರಂಭಿಸಿದ ಬಗೆಯ ಸೈಕಲ್ಲೊಂದನ್ನೂ ಈಗಿನ ಗೇರ್ ಸೈಕಲ್ಲೊಂದನ್ನೂ ಅಕ್ಕಪಕ್ಕ ನಿಲ್ಲಿಸಿ. ಬಣ್ಣ, ಟೈರು, ಗೇರುಗಳನ್ನು ಬಿಟ್ಟು ಬರೀ ನಟ್ಟು-ಬೋಲ್ಟುಗಳನ್ನು ನೋಡುತ್ತ ಹೋಗಿ. ಮೊದಲನೆಯದರಲ್ಲಿ ಸೀಟಿನ ಕೆಳಗೆ, ಚಕ್ರದ ಅಚ್ಚಿನಲ್ಲಿ, ಬ್ರೇಕಿನಲ್ಲಿ ಹೆಚ್ಚಾಗಿ ಇರುವುದು ಹೊರಗೆ ಉಬ್ಬಿ ಕಾಣುವ ಆರು ಮುಖದ ನಟ್ಟುಗಳು. ಪಾನಾ ಹಾಕಿದರೆ ಸಾಕು, ಹಿಡಿತ ಸಿಗುತ್ತದೆ. ಎರಡನೆಯದರಲ್ಲಿ ಅಂಥ ನಟ್ಟು ಹುಡುಕಿದರೂ ಸಿಗುವುದು ಅಪರೂಪ. ಹ್ಯಾಂಡಲ್, ಸೀಟು, ಬ್ರೇಕು, ನೀರಿನ ಬಾಟಲಿ ಇಡುವ ಕಟ್ಟು, ಎಲ್ಲ ಕಡೆಯೂ ದುಂಡು ತಲೆಯ ಬೋಲ್ಟು. ತಲೆಯ ನಡುವೆ ಆರು ಮೂಲೆಯ ಗುಳಿ.

ಈ ಒಂದು ಬದಲಾವಣೆಯಿಂದ ದಾರಿಯ ನಡುವಿನ ರಿಪೇರಿಯ ಲೆಕ್ಕವೇ ಬೇರೆಯಾಗಿದೆ. ಹಳೆಯ ಸೈಕಲ್ಲು ಕೆಟ್ಟರೆ ಮುಂದಿನ ಊರಿನ ಸೈಕಲ್ ಶಾಪಿನವರೆಗೆ ತಳ್ಳಿಕೊಂಡು ಹೋದರಾಯಿತು. ಅಲ್ಲಿ ಅದಕ್ಕೆ ಬೇಕಾದ ಪಾನಾ, ಸುತ್ತಿಗೆ, ಸಲ್ಯೂಷನ್ ಎಲ್ಲ ಇರುತ್ತವೆ. ಗೇರ್ ಸೈಕಲ್ಲಿನ ಬೋಲ್ಟಿಗೆ ತಕ್ಕ ಕೀ, ಅದರ ತೆಳು ಚೈನಿಗೆ ತಕ್ಕ ಸಾಧನ, ಅದರ ಸಪೂರ ವಾಲ್ವಿಗೆ ಕೂರುವ ಪಂಪಿನ ಬಾಯಿ ಅಲ್ಲಿ ಸಿಕ್ಕೀತೆಂಬ ಭರವಸೆ ಇಲ್ಲ. ಹಾಗಾಗಿ ಸವಾರ ತನ್ನ ಸಲಕರಣೆಯನ್ನು ತಾನೇ ಹೊರಬೇಕು. ಅದಕ್ಕೆಂದೇ ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದಾದ, ಚಾಕುವಿನಂತೆ ಮಡಚುವ ಮಲ್ಟಿಟೂಲ್‌ಗಳು ಮಾರುಕಟ್ಟೆಯಲ್ಲಿವೆ. ಬೆಲೆ ಕೆಲವು ನೂರು ರೂಪಾಯಿಯಿಂದ ಕೆಲವು ಸಾವಿರದವರೆಗೆ.

ಕಡಿಮೆ ಬೆಲೆಯದು ಅನ್ನುವ ಒಂದೇ ಕಾರಣಕ್ಕೆ ಸಾಧನ ಕೆಟ್ಟದ್ದಾಗುವುದಿಲ್ಲ. ದುಬಾರಿ ಅನ್ನುವ ಕಾರಣಕ್ಕೆ ನಮ್ಮ ಸೈಕಲ್ಲಿಗೆ ಒಗ್ಗುತ್ತದೆ ಅನ್ನುವಂತೆಯೂ ಇಲ್ಲ. ಅಗ್ಗದ ಸಾಧನ ಕೈಕೊಡುವುದು ಕೆಲವೇ ಗೊತ್ತಾದ ಜಾಗಗಳಲ್ಲಿ, ಗೊತ್ತಾದ ಕಾರಣಗಳಿಗೆ. ಆ ಜಾಗಗಳು ಯಾವುವೆಂದು ತಿಳಿದವರು ಕೆಲವು ನೂರು ರೂಪಾಯಿಯಲ್ಲೇ ವರ್ಷಗಟ್ಟಲೆ ಬಾಳುವ ಸಾಧನವನ್ನು ಆರಿಸಬಲ್ಲರು. ಅದಕ್ಕೆ ಬೇಕಾದ ವಿಜ್ಞಾನ ಹೈಸ್ಕೂಲಿನ ಪಠ್ಯದ ಆಚೆಗೆ ಹೆಚ್ಚು ದೂರವಿಲ್ಲ: ಸನ್ನೆಯ ನಿಯಮ, ಷಡ್ಭುಜದ ರೇಖಾಗಣಿತ, ಉಕ್ಕಿನ ಹದ.

ತಲೆಯೊಳಗೆ ಗುಳಿ ಏಕೆ ಬಂತು?

ಗುಳಿಬೋಲ್ಟು ಸೈಕಲ್ಲಿಗಾಗಿ ಹುಟ್ಟಿದ್ದಲ್ಲ. ನೂರಿಪ್ಪತ್ತು ವರ್ಷಗಳ ಹಿಂದಿನ ಕಾರ್ಖಾನೆಗಳಲ್ಲಿ ಯಂತ್ರಗಳೆಲ್ಲ ಚಾವಣಿಯ ಉದ್ದಕ್ಕೂ ತಿರುಗುವ ದಂಡಗಳಿಂದ, ಬೆಲ್ಟುಗಳ ಮೂಲಕ ಓಡುತ್ತಿದ್ದವು. ದಂಡಕ್ಕೆ ಗಾಲಿಯನ್ನು ಬಿಗಿದಿಡುವ ತಿರುಪಿನ ತಲೆ ಹೊರಗೆ ಚಾಚಿಕೊಂಡಿರುತ್ತಿತ್ತು. ಕೆಲಸಗಾರನ ತೋಳಿನ ಬಟ್ಟೆ ಆ ತಲೆಗೆ ಸಿಕ್ಕಿಕೊಂಡರೆ ದಂಡ ಅವನನ್ನೇ ಎಳೆದುಕೊಳ್ಳುತ್ತಿತ್ತು. ತಲೆಯೇ ಇಲ್ಲದ, ಒಳಗಿನಿಂದ ತಿರುಗಿಸುವ ತಿರುಪು ಬೇಕೆಂಬ ಬೇಡಿಕೆ ಹೀಗೆ ಎದ್ದಿತು. ಅಮೆರಿಕದ ಕನೆಕ್ಟಿಕಟ್ ರಾಜ್ಯದ ಹಾರ್ಟ್‌ಫರ್ಡ್ ಊರಿನ ವಿಲಿಯಂ ಅಲೆನ್, ತಣ್ಣನೆಯ ಲೋಹವನ್ನೇ ಷಡ್ಭುಜದ ಅಚ್ಚಿನ ಸುತ್ತ ಒತ್ತಿ ಗುಳಿ ಮೂಡಿಸುವ ವಿಧಾನಕ್ಕೆ 1910ರಲ್ಲಿ ಪೇಟೆಂಟ್ ಪಡೆದರು. ನಮ್ಮ ಹಾರ್ಡ್‌ವೇರ್ ಅಂಗಡಿಯವರು ಡ್ರಾಯರಿನಿಂದ ತೆಗೆದುಕೊಡುವ ಅಲೆನ್ ಕೀ ಅವರ ಹೆಸರಿನದು.

ಸೈಕಲ್ಲಿಗೆ ಈ ಬೋಲ್ಟು ಒಗ್ಗಿದ್ದಕ್ಕೆ ಕಾರಣ ಇಕ್ಕಟ್ಟು. ಹ್ಯಾಂಡಲ್ಲಿನ ಹಿಡಿಕೆ, ಬ್ರೇಕಿನ ಒಳಭಾಗದಂಥ ಜಾಗಗಳಲ್ಲಿ ಪಾನಾದ ಬಾಯಿ ಸುತ್ತ ತಿರುಗಲು ಎಡೆಯಿಲ್ಲ. ಗುಳಿಯೊಳಗೆ ಇಳಿಯುವ ಕೀಗೆ ಬೋಲ್ಟಿನ ನೇರಕ್ಕೆ ದಾರಿಯಿದ್ದರೆ ಸಾಕು. ಆದರೆ ಈ ಅನುಕೂಲಕ್ಕೆ ಒಂದು ಬೆಲೆ ಇದೆ. ಹೊರಗಿನ ನಟ್ಟನ್ನು ಹಿಡಿಯುವ ಪಾನಾ ದಪ್ಪಗಿರಬಹುದು. ಗುಳಿಯೊಳಗೆ ಹೋಗುವ ಕೀ ಬೋಲ್ಟಿಗಿಂತಲೂ ಸಪೂರ ಇರಲೇಬೇಕು. ನಟ್ಟಿನ ಮೂಲೆ ಸವೆದರೆ ಸುತ್ತಿಗೆ, ಚಾಣ, ಪೈಪ್ ಪಾನಾ ಇವೆ. ಗುಳಿಯ ಮೂಲೆ ಸವೆದರೆ ಹಿಡಿಯಲು ಏನೂ ಉಳಿಯುವುದಿಲ್ಲ. ಮೂಲೆಯ ಕತೆಯನ್ನು ಬಿಡಿಸಿ ನೋಡಬೇಕಾದ್ದು ಇದಕ್ಕೇ.

ಒಂದು ಮೂಲೆಗೆ ಎಷ್ಟು ತೂಕ?

ಹ್ಯಾಂಡಲ್ ಹಿಡಿಕೆಯ ಬೋಲ್ಟೊಂದನ್ನು 5 ಮಿಲಿಮೀಟರ್ ಅಲೆನ್ ಕೀಯಿಂದ ಬಿಗಿಯುತ್ತಿದ್ದೀರಿ ಅಂದುಕೊಳ್ಳಿ. ಬೋಲ್ಟನ್ನು ತಿರುಗಿಸುವ ಸಾಮರ್ಥ್ಯಕ್ಕೆ ಟಾರ್ಕ್ ಎಂದು ಹೆಸರು. ಅದು ಕೈ ಹಾಕುವ ಬಲವನ್ನೂ ಸನ್ನೆಯ ಉದ್ದವನ್ನೂ ಗುಣಿಸಿದರೆ ಸಿಗುವ ಸಂಖ್ಯೆ; ಅಳೆಯುವುದು ನ್ಯೂಟನ್-ಮೀಟರ್‌ನಲ್ಲಿ. ಇಂಥ ಬೋಲ್ಟಿಗೆ ಸಾಮಾನ್ಯವಾಗಿ 5ರಿಂದ 6 ನ್ಯೂಟನ್-ಮೀಟರ್ ಸಾಕು. ಕೇಳಲು ಚಿಕ್ಕ ಸಂಖ್ಯೆ. ಆದರೆ ಅಷ್ಟೂ ಟಾರ್ಕ್ ಕೀಯಿಂದ ಬೋಲ್ಟಿಗೆ ದಾಟಬೇಕಾದ್ದು ಆರು ಮೂಲೆಗಳ ಮೂಲಕ.

ಕೀಯ ಮೂಲೆ ಗುಳಿಯ ಗೋಡೆಯನ್ನು ಒತ್ತುತ್ತದೆ. ಒತ್ತುವ ದಿಕ್ಕು ಗೋಡೆಗೆ ಲಂಬ. ಹಾಗಾಗಿ ತಿರುಗಿಸುವ ಕೆಲಸಕ್ಕೆ ಒದಗುವ ಸನ್ನೆಯ ಉದ್ದ, ನಡುಬಿಂದುವಿನಿಂದ ಮೂಲೆಯವರೆಗಿನ 2.89 ಮಿ.ಮೀ. ಅಲ್ಲ, ಗೋಡೆಯ ನಡುವಿನಿಂದ ಮೂಲೆಯವರೆಗಿನ 1.44 ಮಿ.ಮೀ. ಮಾತ್ರ. 6 ನ್ಯೂಟನ್-ಮೀಟರನ್ನು ಆರು ಮೂಲೆಗೆ ಹಂಚಿ, ಈ ಪುಟ್ಟ ಉದ್ದದಿಂದ ಭಾಗಿಸಿ. ಒಂದೊಂದು ಮೂಲೆಗೂ ಬರುವುದು ಸುಮಾರು 690 ನ್ಯೂಟನ್, ಅಂದರೆ 70 ಕಿಲೋ ತೂಕ. ಕೂದಲೆಳೆಯಷ್ಟು ಅಗಲದ ಒಂದು ಅಂಚಿನ ಮೇಲೆ ಒಬ್ಬ ವಯಸ್ಕ ನಿಂತಷ್ಟು ಭಾರ. ಅಂಥ ಆರು ಜನ, ಒಂದೇ ಬೋಲ್ಟಿನ ಗುಳಿಯೊಳಗೆ!

ಇದು ಕೀ ಕರಾರುವಾಕ್ಕಾಗಿ 5 ಮಿ.ಮೀ. ಇದ್ದಾಗಿನ ಲೆಕ್ಕ. ಅಗ್ಗದ ಸಾಧನದ ಕೀ 4.8 ಮಿ.ಮೀ. ಇದೆ ಅನ್ನಿ. ಗುಳಿಯೊಳಗೆ ಅದು ಸ್ವಲ್ಪ ತಿರುಗಿದ ಮೇಲೆ ಅದರ ಮೂಲೆ ಗೋಡೆಗೆ ತಾಗುತ್ತದೆ. ತಾಗುವ ಜಾಗ ಗುಳಿಯ ಮೂಲೆಯಿಂದ ಗೋಡೆಯ ನಡುವಿನತ್ತ ಸರಿದಿರುತ್ತದೆ. ಸನ್ನೆಯ ಉದ್ದ 1.44ರಿಂದ 1.2 ಮಿ.ಮೀ.ಗೆ ಇಳಿಯುತ್ತದೆ; ಅದೇ ಟಾರ್ಕಿಗೆ ಮೂಲೆಯ ಭಾರ ನೂರಕ್ಕೆ ಇಪ್ಪತ್ತರಷ್ಟು ಏರುತ್ತದೆ. ಕೀ ಇನ್ನಷ್ಟು ಸಣ್ಣದಾಗುತ್ತ ಹೋದಂತೆ ಸನ್ನೆಯೂ ಕುಗ್ಗುತ್ತದೆ. 4.33 ಮಿ.ಮೀ. ತಲುಪಿದಾಗ ಸನ್ನೆಯ ಉದ್ದ ಸೊನ್ನೆ. ಆಗ ಎಷ್ಟೇ ಬಲ ಹಾಕಿದರೂ ಕೀ ಗುಳಿಯೊಳಗೆ ಗಿರ್ರನೆ ತಿರುಗುತ್ತದೆ, ಬೋಲ್ಟು ಮಿಸುಕುವುದಿಲ್ಲ.

ಮುಖದಿಂದ ಮುಖಕ್ಕೆ ಅಳತೆ ಸರಿಯಿದ್ದು ಮೂಲೆ ಮಾತ್ರ ಬೋಳಾಗಿದ್ದರೂ ಇದೇ ಫಲ. ಮೂಲೆ ತೀರಾ ಚೂಪಾಗಿದ್ದರೆ 5 ಮಿ.ಮೀ. ಕೀಯ ಎದುರು-ಬದುರು ಮೂಲೆಗಳ ನಡುವಿನ ದೂರ 5.77 ಮಿ.ಮೀ. ಆಗುತ್ತದೆ. ಮೂಲೆ ದುಂಡಾಗಿ ಅದು 5.5ಕ್ಕೆ ಇಳಿದಿದ್ದರೆ ಭಾರ ನೂರಕ್ಕೆ ಇಪ್ಪತ್ತಾರರಷ್ಟು ಹೆಚ್ಚುತ್ತದೆ. ಕಾಲು ಮಿಲಿಮೀಟರಿನ ಈ ಕೊರತೆ ಕಣ್ಣಿಗೆ ಬೀಳುವುದು ಕಷ್ಟ. ಗುಳಿಯ ಗೋಡೆಗೆ ಮಾತ್ರ ಚೆನ್ನಾಗಿ ಗೊತ್ತಾಗುತ್ತದೆ. ಇಂಚಿನ ಅಳತೆಯ ಕೀಯನ್ನು ಮಿಲಿಮೀಟರಿನ ಬೋಲ್ಟಿಗೆ ಹಾಕಿದರೂ ಹೀಗೆಯೇ. 3/16 ಇಂಚು ಎಂದರೆ 4.76 ಮಿ.ಮೀ. ಅದು 5ರ ಗುಳಿಯೊಳಗೆ ಸಲೀಸಾಗಿ ಇಳಿಯುತ್ತದೆ. ಇಳಿದದ್ದಕ್ಕೆ ನಂಬಿ ಬಲ ಹಾಕಿದರೆ ಗುಳಿಯನ್ನು ಕೆಡಿಸುತ್ತದೆ.

ಡಿಸ್ಕ್ ಬ್ರೇಕಿನ ತಟ್ಟೆಯನ್ನು ಹಿಡಿದಿಡುವ ಬೋಲ್ಟುಗಳಲ್ಲಿ ಷಡ್ಭುಜದ ಬದಲು ಆರು ದಳದ ಹೂವಿನಾಕಾರ ಇರುತ್ತದೆ. ಇದು ಟಾರ್ಕ್ಸ್, ಅಮೆರಿಕದ ಕ್ಯಾಮ್‌ಕಾರ್ ಟೆಕ್ಸ್‌ಟ್ರಾನ್ ಕಂಪನಿ 1967ರಲ್ಲಿ ರೂಪಿಸಿದ್ದು. ಷಡ್ಭುಜದ ಕೀ ಗೋಡೆಯನ್ನು ಹೊರಕ್ಕೆ ಸಿಡಿಸುವಂತೆ ತಳ್ಳುತ್ತ ಬಲದ ದೊಡ್ಡ ಪಾಲನ್ನು ವ್ಯರ್ಥ ಮಾಡಿದರೆ, ಟಾರ್ಕ್ಸ್‌ನ ದಳಗಳು ತಿರುಗುವ ದಿಕ್ಕಿನಲ್ಲೇ ಹೆಚ್ಚಾಗಿ ಒತ್ತುತ್ತವೆ. ಡಿಸ್ಕಿನ ಬೋಲ್ಟುಗಳಿಗೆ ಸಾಮಾನ್ಯವಾಗಿ ಬೇಕಾಗುವ ಅಳತೆ ಟಿ25. ಇದರಲ್ಲಿ ಅಂದಾಜು ನಡೆಯುವುದಿಲ್ಲ. ಹತ್ತಿರದ ಇನ್ನೊಂದು ಅಳತೆ ಹಾಕಿದರೆ ದಳಗಳೇ ಸವೆಯುತ್ತವೆ.

ಉಕ್ಕಿನ ಹದ

ಅಳತೆ ಸರಿಯಿದ್ದರೂ ಉಕ್ಕು ಮೆತ್ತಗಿದ್ದರೆ 70 ಕಿಲೋ ಭಾರಕ್ಕೆ ಮೂಲೆ ಮಡಚಿಕೊಳ್ಳುತ್ತದೆ. ಲೋಹದ ಗಡಸುತನವನ್ನು ಅಳೆಯಲು ಇರುವ ರಾಕ್‌ವೆಲ್ ಪರೀಕ್ಷೆಯಲ್ಲಿ ವಜ್ರದ ಮೊನೆಯನ್ನು 150 ಕಿಲೋ ಭಾರದಿಂದ ಲೋಹಕ್ಕೆ ಒತ್ತಿ, ಅದು ಎಷ್ಟು ಆಳ ಇಳಿಯಿತೆಂದು ನೋಡುತ್ತಾರೆ. ಹ್ಯೂ ರಾಕ್‌ವೆಲ್ ಮತ್ತು ಸ್ಟ್ಯಾನ್ಲಿ ರಾಕ್‌ವೆಲ್ ಇದಕ್ಕೆ 1919ರಲ್ಲಿ ಪೇಟೆಂಟ್ ಪಡೆದರು. ಅವರು ಕೆಲಸ ಮಾಡುತ್ತಿದ್ದ ನ್ಯೂ ಡಿಪಾರ್ಚರ್ ಕಂಪನಿ ಕನೆಕ್ಟಿಕಟ್ಟಿನದೇ. ಬೇರಿಂಗಿನ ಜೊತೆಗೆ ಸೈಕಲ್ ಬೆಲ್ಲು, ಸೈಕಲ್ ಬ್ರೇಕುಗಳಿಗೂ ಅದು ಹೆಸರಾಗಿತ್ತು.

ಆ ಅಳತೆಗೋಲಿನಲ್ಲಿ ಸಾಧಾರಣ ಗಟ್ಟಿ ಬೋಲ್ಟು, ತಲೆಯ ಮೇಲೆ 8.8 ಎಂದು ಬರೆದದ್ದು, 22ರಿಂದ 32ರ ನಡುವೆ ಬರುತ್ತದೆ. 12.9 ಎಂದು ಬರೆದ ಬಲಶಾಲಿ ಬೋಲ್ಟು 39ರಿಂದ 44. ಒಳ್ಳೆಯ ಅಲೆನ್ ಕೀ 50ಕ್ಕಿಂತ ಮೇಲಿರುತ್ತದೆ. ಕೀ ಬೋಲ್ಟಿಗಿಂತ ಗಡುಸಾಗಿರಬೇಕು ಅನ್ನುವುದು ಇಲ್ಲಿನ ನಿಯಮ. ಮೆತ್ತನೆಯ ಕೀ ಒಮ್ಮೆ ದುಂಡಾಯಿತೆಂದರೆ ಆಮೇಲೆ ಮುಟ್ಟಿದ ಪ್ರತಿ ಬೋಲ್ಟಿನ ಗುಳಿಯನ್ನೂ ದುಂಡಾಗಿಸುತ್ತ ಹೋಗುತ್ತದೆ. ಕಳಪೆ ಕೀಯ ನಿಜವಾದ ಖರ್ಚು ಅಡಗಿರುವುದು ಅಲ್ಲಿ.

ಹಾಗೆಂದು ಗಡುಸೊಂದೇ ಸಾಲದು. ಕೆಂಪಗೆ ಕಾಯಿಸಿದ ಉಕ್ಕನ್ನು ತಟ್ಟನೆ ತಣಿಸಿದರೆ ಅದು ಗಾಜಿನಷ್ಟು ಪೆಡಸಾಗಿ, ಬಲ ಬಿದ್ದಾಗ ಚಟಕ್ಕನೆ ಮುರಿಯುತ್ತದೆ. ಅದನ್ನು ಮತ್ತೆ ಮಿತವಾದ ಶಾಖಕ್ಕೆ ಒಡ್ಡಿ ಹದಕ್ಕೆ ತರಬೇಕು. ಕುಲುಮೆಯಲ್ಲಿ ಕುಡುಗೋಲಿಗೆ, ಮಚ್ಚಿಗೆ ಮಾಡುವ ಕೆಲಸವೂ ಇದೇ. ಅಗ್ಗದ ಸಾಧನಗಳ ಮೇಲೂ ‘ಕ್ರೋಮ್ ವೆನೇಡಿಯಂ’ ಎಂದು ಅಚ್ಚೊತ್ತಿರುವುದನ್ನು ಕಾಣಬಹುದು. ಉಕ್ಕಿಗೆ ಏನು ಬೆರೆಸಿದ್ದಾರೆ ಎಂಬುದನ್ನಷ್ಟೇ ಅದು ಹೇಳುತ್ತದೆ. ಹದ ಹೇಗಿದೆ ಎಂಬುದನ್ನು ಹೇಳುವುದಿಲ್ಲ. ಒಂದೇ ಉಕ್ಕಿನಿಂದ ಒಂದು ಕಾರ್ಖಾನೆ ಒಳ್ಳೆಯ ಕೀ ಮಾಡಬಹುದು, ಇನ್ನೊಂದು ಬೆಣ್ಣೆಯಂಥದ್ದನ್ನು ಮಾಡಬಹುದು.

ಸಣ್ಣ ಕೀಗಳ ವಿಷಯದಲ್ಲಿ ಇನ್ನೊಂದು ಎಚ್ಚರ ಬೇಕು. ತಿರುಚುವ ಬಲವನ್ನು ತಾಳುವ ಶಕ್ತಿ ಕೀಯ ಅಗಲದ ಘನಕ್ಕೆ ಅನುಗುಣ. ಒಂದೇ ಉಕ್ಕಿನ 6 ಮಿ.ಮೀ. ಕೀ ತಾಳುವುದರಲ್ಲಿ 3 ಮಿ.ಮೀ. ಕೀ ತಾಳುವುದು ಎಂಟನೇ ಒಂದು ಪಾಲು, 2 ಮಿ.ಮೀ. ಕೀ ಇಪ್ಪತ್ತೇಳನೇ ಒಂದು ಪಾಲು. ಮಲ್ಟಿಟೂಲಿನಲ್ಲಿ ಇವೆಲ್ಲಕ್ಕೂ ಹಿಡಿ ಒಂದೇ. ಹಾಗಾಗಿ 6ಕ್ಕೆ ಹಾಕಿದ ಬಲವನ್ನೇ 2ಕ್ಕೂ ಹಾಕಲು ಕೈ ಹೊರಡುತ್ತದೆ. ಸಣ್ಣ ಕೀಗಳನ್ನು ಎರಡೇ ಬೆರಳಿನಲ್ಲಿ ತಿರುಗಿಸುವುದು ರೂಢಿಯಾಗಲಿ.

ಅಂಗೈ ಉದ್ದದ ಸನ್ನೆ

ಮಲ್ಟಿಟೂಲ್ ಯಾವ ಕೆಲಸಕ್ಕೆ ಆದೀತು, ಯಾವುದಕ್ಕೆ ಆಗದು ಎಂಬುದನ್ನು ಬಹುಮಟ್ಟಿಗೆ ಅದರ ಉದ್ದವೇ ತೀರ್ಮಾನಿಸುತ್ತದೆ. ಸಾಮಾನ್ಯವಾಗಿ ಹಿಡಿಯ ಉದ್ದ 75 ಮಿ.ಮೀ. ಆಸುಪಾಸು. ತುದಿಯಲ್ಲಿ ಹತ್ತು ಕಿಲೋ ಬಲ ಹಾಕಿದರೆ ಹುಟ್ಟುವ ಟಾರ್ಕ್ ಸುಮಾರು ಏಳೂವರೆ ನ್ಯೂಟನ್-ಮೀಟರ್. ಸೀಟಿನ ಬಿಗಿ, ಹ್ಯಾಂಡಲ್ ಹಿಡಿಕೆ, ಬ್ರೇಕು, ಬಾಟಲಿಯ ಕಟ್ಟು, ಇವೆಲ್ಲ ಬೇಡುವುದು ಸಾಮಾನ್ಯವಾಗಿ 8ರ ತನಕ. ಅಂದರೆ ದಾರಿಯಲ್ಲಿ ಸಡಿಲಗೊಳ್ಳುವ ಬಹುಪಾಲು ಬೋಲ್ಟುಗಳಿಗೆ ಅಂಗೈ ಉದ್ದದ ಸನ್ನೆ ಹೇಳಿ ಮಾಡಿಸಿದಂತಿದೆ.

ಪೆಡಲ್ಲಿನದು ಬೇರೆ ಲೆಕ್ಕ. ಅದನ್ನು ಕೂರಿಸಲು 35ರಿಂದ 40 ನ್ಯೂಟನ್-ಮೀಟರ್ ಬೇಕು. 75 ಮಿ.ಮೀ. ಹಿಡಿಯಿಂದ 40 ಹುಟ್ಟಿಸಬೇಕಾದರೆ ತುದಿಯಲ್ಲಿ 54 ಕಿಲೋ ಬಲ ಹಾಕಬೇಕು. ಅಷ್ಟು ಹೊತ್ತಿಗೆ ಒಂದೋ ಹಿಡಿಯ ಕೀಲು ಬಾಗಿರುತ್ತದೆ, ಇಲ್ಲವೇ ಕೈ ಜಾರಿ ಬೆರಳ ಗಂಟು ಚೈನ್ ಚಕ್ರದ ಹಲ್ಲಿಗೆ ಬಡಿದಿರುತ್ತದೆ. 8 ಮಿ.ಮೀ. ಕೀ ಇದೆಯೆಂಬ ಒಂದೇ ಕಾರಣಕ್ಕೆ ಹೆಚ್ಚು ದುಡ್ಡು ಕೊಡುವ ಮುನ್ನ ಈ ಲೆಕ್ಕ ನೆನಪಿರಲಿ. ಪೆಡಲ್ಲು, ಕ್ರ್ಯಾಂಕಿನ ಬೋಲ್ಟು ಇವನ್ನು ಉದ್ದ ಹಿಡಿಯ ಸಾಧನದಿಂದ ಮನೆಯಲ್ಲೇ ಬಿಗಿದು ಹೊರಡಬೇಕು. ಎಡ ಪೆಡಲ್ಲಿನ ಮರೆ (ತಿರುಪಿನ ಸುತ್ತು) ಎಡಗೈ ಮರೆ ಎಂಬುದೂ ನೆನಪಿರಬೇಕು: ಉಳಿದೆಲ್ಲ ಬೋಲ್ಟುಗಳು ಬಿಗಿಯುವ ದಿಕ್ಕಿಗೆ ಅದು ಸಡಿಲಾಗುತ್ತದೆ.

ಹತ್ತು ಕಿಲೋ ಬಲಕ್ಕೆ ಏಳೂವರೆ ಬರುವ ಸಾಧನ, 5 ನ್ಯೂಟನ್-ಮೀಟರ್ ಸಾಕಾಗುವ ಬೋಲ್ಟನ್ನು ಮಿತಿಮೀರಿ ಬಿಗಿದು ಕೆಡಿಸಲೂ ಬಲ್ಲದು. ಕೈಗೆ ಅಂದಾಜು ಕಲಿಸಲು ದುಬಾರಿ ಟಾರ್ಕ್ ಪಾನಾ ಬೇಕಿಲ್ಲ. ಪ್ರಯಾಣದ ಚೀಲ ತೂಗುವ ಕೊಕ್ಕೆ ತಕ್ಕಡಿಯನ್ನು ಹಿಡಿಯ ತುದಿಗೆ, ಬೋಲ್ಟಿನ ನಡುವಿನಿಂದ 75 ಮಿ.ಮೀ. ದೂರದಲ್ಲಿ ಸಿಕ್ಕಿಸಿ, ಹಿಡಿಗೆ ಲಂಬವಾಗಿ ಎಳೆಯಿರಿ. ತಕ್ಕಡಿ 7 ಕಿಲೋ ತೋರಿಸಿದಾಗ ಬೋಲ್ಟಿನ ಮೇಲೆ ಬಿದ್ದಿರುವುದು 5ಕ್ಕಿಂತ ತುಸು ಹೆಚ್ಚು ನ್ಯೂಟನ್-ಮೀಟರ್. ನಾಲ್ಕಾರು ಸಲ ಹೀಗೆ ಮಾಡಿ, ಆಮೇಲೆ ತಕ್ಕಡಿಯಿಲ್ಲದೆ ಅದೇ ಒತ್ತಡ ಹಾಕಿ ನೋಡಿ. ಕೈ ಬೇಗ ಕಲಿಯುತ್ತದೆ.

ಚೈನು ತುಂಡಾದರೆ

ಬೋಲ್ಟು ಸಡಿಲಾದರೆ ಹೇಗೋ ಊರು ಸೇರಬಹುದು. ಚೈನು ತುಂಡಾದರೆ ಸೈಕಲ್ಲನ್ನು ತಳ್ಳುವುದೊಂದೇ ದಾರಿ. ಹಾಗಾಗಿ ಮಲ್ಟಿಟೂಲಿನಲ್ಲಿ ಹೆಚ್ಚುವರಿ ದುಡ್ಡಿಗೆ ತಕ್ಕ ಭಾಗ ಒಂದಿದ್ದರೆ ಅದು ಚೈನ್ ಕಟರ್.

ಈಗಿನ ಸೈಕಲ್ ಚೈನು 1880ರಲ್ಲಿ ಮ್ಯಾಂಚೆಸ್ಟರಿನ ಹಾನ್ಸ್ ರೆನಾಲ್ಡ್ ಪೇಟೆಂಟ್ ಪಡೆದ ರೋಲರ್ ಚೈನಿನ ವಂಶದ್ದು. ಒಂದು ಪಿನ್ನಿನಿಂದ ಮುಂದಿನ ಪಿನ್ನಿಗೆ ಅರ್ಧ ಇಂಚು, 12.7 ಮಿ.ಮೀ. ಪಿನ್ನನ್ನು ಹೊರಗಿನ ತಟ್ಟೆಗಳಿಗೆ ಬಿಗಿಯಾಗಿ ಒತ್ತಿ ಕೂರಿಸಿರುತ್ತಾರೆ. ಅದನ್ನು ಹೊರತಳ್ಳುವಷ್ಟು ಬಲ ನೇರವಾಗಿ ಕೈಗೆ ಇಲ್ಲ, ತಿರುಪಿಗೆ ಇದೆ. ಕಟರ್‌ನ ಹಿಡಿ 35 ಮಿ.ಮೀ. ಉದ್ದ, ಮರೆಯ ಅಂತರ 1 ಮಿ.ಮೀ. ಎಂದುಕೊಳ್ಳಿ. ಕೈ 220 ಮಿ.ಮೀ. ಸುತ್ತು ಹಾಕಿದರೆ ಮೊನೆ ಮುಂದೆ ಸಾಗುವುದು 1 ಮಿ.ಮೀ. ದೂರದಲ್ಲಿ ಕಳೆದುಕೊಂಡದ್ದು ಬಲದಲ್ಲಿ ಮರಳಿ ಬರುತ್ತದೆ. ಐದರಲ್ಲಿ ನಾಲ್ಕು ಪಾಲನ್ನು ಘರ್ಷಣೆ ತಿಂದುಹಾಕಿತೆಂದು ಇಟ್ಟುಕೊಂಡರೂ, ಮೂರು ಕಿಲೋ ಕೈಬಲಕ್ಕೆ ಮೊನೆಯಲ್ಲಿ 130 ಕಿಲೋ ಬಲ ಸಿಗುತ್ತದೆ.

ಅಷ್ಟೂ ಬಲ ಹೋಗುವುದು ಕಡ್ಡಿಯಂಥ ಒಂದು ಮೊನೆಯ ಮೂಲಕ. ಮೊನೆ ಪಿನ್ನಿನ ನೇರಕ್ಕೆ ಇದ್ದರೆ ತಾಳುತ್ತದೆ. ಕೂದಲೆಳೆಯಷ್ಟು ಓರೆಯಾದರೂ ಬಾಗುತ್ತದೆ ಇಲ್ಲವೇ ಮುರಿಯುತ್ತದೆ. ಅಗ್ಗದ ಕಟರ್‌ನಲ್ಲಿ ನೋಡಬೇಕಾದ್ದು ಎರಡು. ತಿರುಪನ್ನು ಮುಂದೆ ತಂದಾಗ ಮೊನೆ ಎದುರಿನ ತೂತಿನ ನಟ್ಟನಡುವಿಗೆ ಬರುತ್ತದೆಯೇ? ಚೈನು ಕೂರುವ ಹಲ್ಲುಗಳ ನಡುವೆ ನಿಮ್ಮ ಚೈನು ಅಲುಗಾಡದೆ ಕೂರುತ್ತದೆಯೇ? ಎರಡನೆಯ ಪ್ರಶ್ನೆಗೆ ಕಾರಣವಿದೆ: ಹಿಂದಿನ ಚಕ್ರದ ಗೇರುಗಳ ಸಂಖ್ಯೆ ಹೆಚ್ಚಿದಂತೆ ಚೈನು ತೆಳ್ಳಗಾಗುತ್ತ ಬಂದಿದೆ. 8 ಗೇರಿನ ಚೈನಿನ ಹೊರ ಅಗಲ 7 ಮಿ.ಮೀ.ಗೆ ತುಸು ಹೆಚ್ಚು; 11 ಗೇರಿನದು ಸುಮಾರು ಐದೂವರೆ. ಹಳೆಯ ಮಾದರಿಯ ಸೈಕಲ್ಲಿನ ಒಂಟಿ ಗೇರಿನ ಚೈನು ಇವೆಲ್ಲಕ್ಕಿಂತ ಅಗಲ. ಮಲ್ಟಿಟೂಲಿನ ಪುಟ್ಟ ಕಟರ್‌ನಲ್ಲಿ ಅದು ಕೂರದೇ ಹೋಗಬಹುದು.

ಕಟರ್ ಅರ್ಧ ಪರಿಹಾರ ಮಾತ್ರ. ತೆಳು ಚೈನುಗಳಲ್ಲಿ ಪಿನ್ನಿನ ತುದಿಯನ್ನು ತುಸು ಅರಳಿಸಿ ತಟ್ಟೆಗೆ ಬಿಗಿದಿರುತ್ತಾರೆ. ಒಮ್ಮೆ ಹೊರತಳ್ಳಿದಾಗ ಆ ಅರಳು ಕಿತ್ತುಹೋಗುತ್ತದೆ. ಅದೇ ಪಿನ್ನನ್ನು ಮರಳಿ ಒತ್ತಿ ಕೂರಿಸಿದರೆ ಅದನ್ನು ನಂಬಿ ಎದ್ದು ನಿಂತು ಪೆಡಲ್ ತುಳಿಯುವಂತಿಲ್ಲ. ಆದ್ದರಿಂದ ಕಟರ್ ಜೊತೆಗೆ ನಿಮ್ಮ ಗೇರುಗಳ ಸಂಖ್ಯೆಗೆ ತಕ್ಕ ಕ್ವಿಕ್ ಲಿಂಕ್ ಎಂಬ ಜೋಡಣೆ ಕೊಂಡಿ ಒಂದು ಜೊತೆ ಇರಲೇಬೇಕು. ಕೆಟ್ಟ ಹೊರ ಕೊಂಡಿಯನ್ನು ಕಟರ್‌ನಿಂದ ತೆಗೆದು, ಆ ಜಾಗಕ್ಕೆ ಕ್ವಿಕ್ ಲಿಂಕ್ ಹಾಕಿ, ಬ್ರೇಕ್ ಹಿಡಿದು ಪೆಡಲ್ಲನ್ನು ಒಮ್ಮೆ ಬಲವಾಗಿ ಒತ್ತಿದರೆ ಅದು ಟಕ್ಕನೆ ಕೂರುತ್ತದೆ. ಒಳ ಕೊಂಡಿಯೂ ಕೆಟ್ಟು ಚೈನು ಗಿಡ್ಡವಾದರೆ, ಮುಂದಿನ ದೊಡ್ಡ ಚಕ್ರಕ್ಕೂ ಹಿಂದಿನ ದೊಡ್ಡ ಚಕ್ರಕ್ಕೂ ಒಟ್ಟಿಗೆ ಚೈನು ಏರಿಸಬಾರದು. ಚೈನು ಬಿಗಿದು ಹಿಂಬದಿಯ ಗೇರ್ ತೋಳನ್ನೇ ಕಿತ್ತೀತು.

ಪಟ್ಟಿ ಸೈಕಲ್ಲಿನಿಂದ ಶುರುವಾಗಲಿ

ಮಲ್ಟಿಟೂಲಿನ ಪೊಟ್ಟಣದ ಮೇಲೆ ದೊಡ್ಡದಾಗಿ ಬರೆದಿರುವುದು ಸಂಖ್ಯೆ: ಹತ್ತು ಕೆಲಸ, ಹದಿನಾರು ಕೆಲಸ, ಇಪ್ಪತ್ತು ಕೆಲಸ. ಬಾಟಲಿ ಮುಚ್ಚಳ ತೆರೆಯುವ ಕೊಕ್ಕೆಯೂ ಆ ಎಣಿಕೆಯಲ್ಲಿ ಸೇರಿರುತ್ತದೆ. ಕೊಳ್ಳುವ ಮುನ್ನ ಅದನ್ನು ಬದಿಗಿಟ್ಟು ಒಂದು ಸಂಜೆ ನಿಮ್ಮ ಸೈಕಲ್ಲಿನ ಮುಂದೆ ಕೂತು ಮುಂದಿನ ಗಾಲಿಯಿಂದ ಹಿಂದಿನ ಗಾಲಿಯವರೆಗೆ ಪ್ರತಿ ಬೋಲ್ಟಿನ ಅಳತೆ ಬರೆದುಕೊಳ್ಳಿ. ಅಂತರರಾಷ್ಟ್ರೀಯ ಮಾನಕದ ಪ್ರಕಾರ 5 ಮಿ.ಮೀ. ದಪ್ಪದ ಗುಳಿಬೋಲ್ಟಿಗೆ 4 ಮಿ.ಮೀ. ಕೀ, 6ರ ಬೋಲ್ಟಿಗೆ 5, 8ರ ಬೋಲ್ಟಿಗೆ 6. ಸಾಮಾನ್ಯ ಗೇರ್ ಸೈಕಲ್ಲಿನ ಪಟ್ಟಿ ಹೆಚ್ಚಾಗಿ ಈ ಮೂರರಲ್ಲೇ ಮುಗಿಯುತ್ತದೆ. ಅದರ ಜೊತೆಗೆ ಅಲ್ಲೊಂದು ಇಲ್ಲೊಂದು 2.5 ಅಥವಾ 3, ಡಿಸ್ಕ್ ಬ್ರೇಕ್ ಇದ್ದರೆ ಟಿ25, ಗೇರಿನ ಮಿತಿ ಹೊಂದಿಸುವ ತಿರುಪಿಗೆ ಒಂದು ನಕ್ಷತ್ರ ಮೊನೆ. ಇಷ್ಟು ಅಳತೆ ಇರುವ, ಚೈನ್ ಕಟರ್ ಇರುವ ಸಾಧನ ನಿಮಗೆ ಸಾಕು. ಉಳಿದ ಕೆಲಸಗಳೆಲ್ಲ ಚೀಲದ ತೂಕ.

ಹಳೆಯ ಮಾದರಿಯ ಸೈಕಲ್ಲು ಇದ್ದವರಿಗೆ ಮಲ್ಟಿಟೂಲಿನ ಅಲೆನ್ ಕೀಗಳಿಂದ ಹೆಚ್ಚು ಉಪಯೋಗವಿಲ್ಲ. ಎರಡೂ ತುದಿಯ ಗುಂಡಿನಲ್ಲಿ ಬೇರೆ ಬೇರೆ ಅಳತೆಯ ತೂತುಗಳಿರುವ ಡಂಬೆಲ್ ಪಾನಾ ಈಗಲೂ ಸೈಕಲ್ ಅಂಗಡಿಗಳಲ್ಲಿ ಕಡಿಮೆ ಬೆಲೆಗೆ ಸಿಗುತ್ತದೆ. ಅದು ಆ ಸೈಕಲ್ಲಿನ ಮಲ್ಟಿಟೂಲ್. ಅದರ ಜೊತೆಗೆ ಅಚ್ಚಿನ ನಟ್ಟಿಗೆ ಹೊಂದುವ ಉದ್ದನೆಯ ಪಾನಾ ಒಂದಿದ್ದರೆ ಶಾಲೆಗೆ ಹೋಗುವ ಹುಡುಗಿ ತನ್ನ ಚಕ್ರವನ್ನು ತಾನೇ ಬಿಚ್ಚಿ ಹಾಕಬಲ್ಲಳು.

ಗೇರ್ ಸೈಕಲ್ಲಿನವರಿಗೂ ಇನ್ನೊಂದು ದಾರಿಯಿದೆ. ಕೈಯಲ್ಲಿರುವ ದುಡ್ಡಿಗೆ ಒಳ್ಳೆಯ ಮಲ್ಟಿಟೂಲ್ ಸಿಗದಿದ್ದರೆ ಹಾರ್ಡ್‌ವೇರ್ ಅಂಗಡಿಯಲ್ಲಿ ತಪಾರಿಯಾದಂಥ ಹೆಸರಾಂತ ತಯಾರಕರ 4, 5, 6 ಮಿ.ಮೀ. ಬಿಡಿ ಅಲೆನ್ ಕೀಗಳನ್ನು ಕೊಳ್ಳಬಹುದು. ‘ಎಲ್’ ಆಕಾರದ ಬಿಡಿ ಕೀ ಇಕ್ಕಟ್ಟಿನ ಜಾಗಕ್ಕೆ ನುಗ್ಗುತ್ತದೆ. ಮಲ್ಟಿಟೂಲಿನ ದಪ್ಪ ಮೈ ಅಲ್ಲಿ ಬಾಟಲಿಗೋ ಚೌಕಟ್ಟಿಗೋ ತಗುಲಿ ಕಾಲು ಸುತ್ತೂ ತಿರುಗದೆ ನಿಲ್ಲಬಹುದು. ಬಿಡಿ ಕೀಗಳಿಗೆ ಒಂದು ಬಿಡಿ ಚೈನ್ ಕಟರ್ ಸೇರಿಸಿ ಹಳೆಯ ಬಟ್ಟೆಯಲ್ಲಿ ಸುತ್ತಿಟ್ಟರೆ ಚೀಲದಲ್ಲಿ ಅಲುಗಾಡುವುದಿಲ್ಲ.

ಯಾವುದನ್ನೇ ಕೊಂಡರೂ ಒಂದು ಮಾತು. ದಾರಿಯಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಎದುರಾಗುವ ತೊಂದರೆ ಪಂಕ್ಚರ್. ಅದಕ್ಕೆ ಮಲ್ಟಿಟೂಲಿನಲ್ಲಿ ಮದ್ದಿಲ್ಲ. ಟೈರ್ ಎಬ್ಬಿಸುವ ಎರಡು ನೈಲಾನ್ ಲಿವರ್, ಒಂದು ಟ್ಯೂಬು, ಪ್ಯಾಚು-ಸಲ್ಯೂಷನ್, ನಿಮ್ಮ ವಾಲ್ವಿಗೆ ಹೊಂದುವ ಕೈಪಂಪು ಮೊದಲು ಚೀಲ ಸೇರಲಿ. ಉಳಿದ ದುಡ್ಡು ಮಲ್ಟಿಟೂಲಿಗೆ.

ಅಂಗಡಿಯಲ್ಲಿ, ಆಮೇಲೆ ಮನೆಯಲ್ಲಿ

ಅಂಗಡಿಯಲ್ಲಿ ಸಾಧನವನ್ನು ಕೈಗೆ ತೆಗೆದುಕೊಂಡಾಗ ಹೊಳಪು ನೋಡಬೇಡಿ, ಅಂಚು ನೋಡಿ. ಕೀಯ ತುದಿಯನ್ನು ಬೆಳಕಿಗೆ ಹಿಡಿದರೆ ಆರು ಮೂಲೆಯೂ ಚೂಪಾಗಿ ಕಾಣಬೇಕು. ದಪ್ಪ ಲೇಪನದಡಿ ಮೂಲೆ ಗುಂಡಗಾಗಿರಬಾರದು. ಸಾಧ್ಯವಿದ್ದರೆ ವರ್ನಿಯರ್‌ನಲ್ಲಿ ಮೂಲೆಯಿಂದ ಮೂಲೆಗೆ ಅಳೆಯಿರಿ: ತೀರಾ ಚೂಪಾದ ಮೂಲೆಯ ಲೆಕ್ಕದಲ್ಲಿ 4ರ ಕೀಗೆ ಸುಮಾರು 4.6, 5ಕ್ಕೆ 5.77, 6ಕ್ಕೆ 6.9 ಮಿ.ಮೀ.; ಒಳ್ಳೆಯ ಕೀಯಲ್ಲೂ ಅದಕ್ಕಿಂತ ತುಸು ಕಡಿಮೆ ಬರುತ್ತದೆ, ಬಹಳ ಕಡಿಮೆ ಬರಬಾರದು. ಸೈಕಲ್ಲನ್ನೇ ಅಂಗಡಿಗೆ ಒಯ್ದಿದ್ದರೆ ಇನ್ನೂ ಒಳ್ಳೆಯದು. ಕೀಯನ್ನು ಬೋಲ್ಟಿನ ಗುಳಿಯ ತಳ ಮುಟ್ಟುವವರೆಗೆ ಇಳಿಸಿ ಆಚೀಚೆ ಅಲುಗಿಸಿ. ಅಲುಗಾಟ ಹೆಚ್ಚಿದ್ದರೆ ಬೇಡ. ಅರ್ಧವಷ್ಟೇ ಇಳಿದ ಕೀಯಲ್ಲಿ ಅಷ್ಟೂ ಭಾರ ಅರ್ಧದಷ್ಟೇ ಉದ್ದದ ಅಂಚಿನ ಮೇಲೆ ಬೀಳುತ್ತದೆ. ತಗಡಿನಿಂದ ಕತ್ತರಿಸಿದ ಪಾನಾ ಬಾಯಿಗಳನ್ನು ಎಣಿಕೆಗೆ ಹಿಡಿಯಬೇಡಿ. ಬಲ ಬಿದ್ದಾಗ ಅವು ಅಗಲಗೊಳ್ಳುತ್ತವೆ. ಹಿಡಿಯ ಕೀಲು ಸಡಿಲಾದರೆ ಬಿಗಿದುಕೊಳ್ಳಲು ಬೋಲ್ಟು ಇರುವ ಸಾಧನ, ಮುಚ್ಚಿದ ರಿವೆಟ್ ಇರುವುದಕ್ಕಿಂತ ಹೆಚ್ಚು ಕಾಲ ಬಾಳುತ್ತದೆ.

ಮನೆಗೆ ಬಂದ ಮೇಲೆ ಹದದ ಪರೀಕ್ಷೆ. ಕೀಯ ಬುಡದ ಕಡೆ, ಬೋಲ್ಟಿನೊಳಗೆ ಹೋಗದ ಭಾಗದ ಮೇಲೆ ಸಣ್ಣ ಅರವನ್ನು ಹಗುರವಾಗಿ ಎಳೆಯಿರಿ. ಗಡುಸಾದ ಉಕ್ಕಿನ ಮೇಲೆ ಅರ ಬಹುಮಟ್ಟಿಗೆ ಜಾರುತ್ತದೆ. ಮೆತ್ತನೆಯದನ್ನು ಸುಲಭವಾಗಿ ಕಚ್ಚುತ್ತದೆ. ಆಮೇಲೆ ಸೈಕಲ್ಲಿನ ಪ್ರತಿ ಬೋಲ್ಟನ್ನೂ ಇದೇ ಸಾಧನದಿಂದ ಒಮ್ಮೆ ಸಡಿಲಿಸಿ, ಮರೆಗೆ ಚೂರು ಗ್ರೀಸ್ ಸವರಿ, ಮತ್ತೆ ಬಿಗಿಯಿರಿ. ಬ್ರೇಕಿನ ಬೋಲ್ಟು ಮುಟ್ಟುವಾಗ ಗ್ರೀಸು ಡಿಸ್ಕಿಗೂ ಪ್ಯಾಡಿಗೂ ತಾಗದಂತೆ ನೋಡಿಕೊಳ್ಳಿ. ಕರಾವಳಿ, ಮಲೆನಾಡಿನ ಮಳೆಯಲ್ಲಿ ಓಡುವ ಸೈಕಲ್ಲಿಗೆ ಗ್ರೀಸಿನ ಕೆಲಸ ಎರಡು ಪಟ್ಟು ಮುಖ್ಯ. ಉಕ್ಕಿನ ಬೋಲ್ಟೂ ಅಲ್ಯುಮಿನಿಯಂ ಚೌಕಟ್ಟೂ ತೇವದಲ್ಲಿ ಒಂದಕ್ಕೊಂದು ತಾಗಿಕೊಂಡಿದ್ದರೆ ಅದೇ ಒಂದು ಪುಟ್ಟ ವಿದ್ಯುತ್ ಕೋಶ; ಸವೆಯುವುದು ಅಲ್ಯುಮಿನಿಯಂ, ಅಂಟಿಕೊಂಡು ಕೂರುವುದು ಬೋಲ್ಟು. ಅಂಟಿಕೊಂಡ ಬೋಲ್ಟಿನ ಮುಂದೆ ದುಬಾರಿ ಕೀಯೂ ಸೋಲುತ್ತದೆ. ಮಳೆಯಲ್ಲಿ ನೆನೆದ ಮಲ್ಟಿಟೂಲಿನ ಕೀಲುಗಳಿಗೂ ಒಂದೊಂದು ಹನಿ ಎಣ್ಣೆ ಬೀಳಲಿ. ಬೇಡವಾದ ಹಳೆಯ ಚೈನಿನ ತುಂಡೊಂದನ್ನು ಸೈಕಲ್ ಶಾಪಿನಿಂದ ಕೇಳಿ ತಂದು ಕಟರ್ ಬಳಕೆ ಕಲಿಯಿರಿ.

ಕೆಟ್ಟದ್ದನ್ನು ಸವಾರ ತಾನೇ ಸರಿಮಾಡಿಕೊಳ್ಳಬೇಕೆಂಬ ನಿಯಮ ಸೈಕಲ್ ಪಂದ್ಯಗಳಲ್ಲಿ ಹಿಂದೆಯೇ ಇತ್ತು. 1913ರ ಟೂರ್ ದ ಫ್ರಾನ್ಸ್‌ನಲ್ಲಿ ಟೂರ್ಮಲೆ ಘಟ್ಟದಲ್ಲಿ ಯೂಜೀನ್ ಕ್ರಿಸ್ಟೋಫ್ ಅವರ ಸೈಕಲ್ಲಿನ ಮುಂದಿನ ಫೋರ್ಕ್ ಮುರಿಯಿತು. ಅವರು ಸೈಕಲ್ಲನ್ನು ಹೊತ್ತು ಘಟ್ಟ ಇಳಿದು, ಸೇಂತ್-ಮರೀ-ದ-ಕಂಪಾನ್ ಎಂಬ ಹಳ್ಳಿಯ ಕುಲುಮೆಯಲ್ಲಿ ತಾವೇ ಕಬ್ಬಿಣ ಕಾಯಿಸಿ ಬೆಸೆದರು. ತಿದಿ ಒತ್ತಲು ಒಬ್ಬ ಹುಡುಗ ನೆರವಾದನೆಂಬ ಕಾರಣಕ್ಕೆ ಅಧಿಕಾರಿಗಳು ಅವರಿಗೆ ದಂಡನೆಯ ನಿಮಿಷಗಳನ್ನು ಸೇರಿಸಿದರು. ಇಂದು ಬೆಂಗಳೂರಿನಿಂದಲೂ ಹೊರಡುವ, ಬ್ರೆವೆ ಎಂಬ ದೂರದ ಸೈಕಲ್ ಸವಾರಿಗಳಲ್ಲಿ 200 ಕಿ.ಮೀ.ಗೆ ಹದಿಮೂರೂವರೆ ಗಂಟೆ, 600 ಕಿ.ಮೀ.ಗೆ 40 ಗಂಟೆಯ ಗಡುವು. ಬೆಂಬಲದ ವಾಹನ ಹಿಂದೆ ಬರುವಂತಿಲ್ಲ. ತಂಡದ ನೆರವು ನಿಗದಿತ ತಪಾಸಣೆಯ ಜಾಗಗಳಲ್ಲಿ ಮಾತ್ರ. ಅಂಥ ಸವಾರಿಗೆ ಹೊರಟವರ ಚೀಲದಲ್ಲಿ ಇರಬೇಕಾದ್ದೂ ಪಟ್ಟಣದ ಹೊರವಲಯದ ಕಾಲೇಜಿಗೆ ಸೈಕಲ್ ತುಳಿಯುವವರ ಚೀಲದಲ್ಲಿ ಇರಬೇಕಾದ್ದೂ ಹೆಚ್ಚುಕಡಿಮೆ ಒಂದೇ.

ದುಡ್ಡು ಕಡಿಮೆ ಇದ್ದಾಗ ಅದನ್ನು ಕೆಲಸದ ಸಂಖ್ಯೆಗೆ ಹಂಚಬೇಡಿ. ಚೂಪಾದ ಮೂಲೆ, ಸರಿಯಾದ ಅಳತೆ, ಹದವಾದ ಉಕ್ಕು, ನೇರ ಮೊನೆಯ ಕಟರ್ ಈ ನಾಲ್ಕಕ್ಕೇ ಹಾಕಿ. ಇವನ್ನು ಪರೀಕ್ಷಿಸಲು ಕಣ್ಣಿನ ಜೊತೆಗೆ ಅರ, ವರ್ನಿಯರ್ ಸಾಕು; ಕೈಗೆ ಅಂದಾಜು ಕಲಿಸಲು ಕೊಕ್ಕೆ ತಕ್ಕಡಿ. ಮೂರನ್ನೂ ಯಾವುದೇ ಹೈಸ್ಕೂಲಿನ ಮೇಷ್ಟರು ಮಕ್ಕಳ ಮುಂದಿಟ್ಟು ಒಂದು ಪಾಠ ಮಾಡಬಹುದು. ಸನ್ನೆಯ ನಿಯಮವನ್ನು ಸೈಕಲ್ಲಿನ ಬೋಲ್ಟಿನ ಮೇಲೆ ಕಲಿತ ಮಗು, ಊರಿನಿಂದ ಹತ್ತು ಕಿಲೋಮೀಟರ್ ಆಚೆ ಸೈಕಲ್ಲು ಕೈಕೊಟ್ಟಾಗ ಯಾರ ದಾರಿಯನ್ನೂ ಕಾಯಬೇಕಾಗಿಲ್ಲ.